ಕಾದಿ ಸತ್ತ ಹೆಣ್ಣನ್ನು ಕರೆದೊಯ್ಯಲು ಯಾರು ಬರುತ್ತಾರೆ?

ಗದಗ ಕತೆಗಾರ್ತಿ

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಈಗ ಒಂದು ಕಡೆ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ರಾಜ್ಯ ನನ್ನ ಕಲ್ಪನೆಯದು. ಮಣ್ಣು ಮಾತ್ರ ನಮ್ಮ ಕಡೆಯದೇ. ಎರೆಹೊಲ, ಬಿಳಿಜೋಳ, ದೂರದಲ್ಲಿ ಕಪ್ಪತಗುಡ್ಡದ ಹಾಗೆ ಒಂದು ಗುಡ್ಡದ ಸಾಲು. ನಾಯಕಿಯ ಹೆಸರು ಕೆಂಚಬ್ಬೆ. ದನ ಕಾಯುವವರ ಮನೆಯ ಮಗಳು. ಹನ್ನೆರಡು ವರ್ಷಕ್ಕೆ ಸೋದರಮಾವನಿಂದ ಈಟಿ ಹಿಡಿಯಲು ಕಲಿಯುತ್ತಾಳೆ. ಮದುವೆಯಾಗುತ್ತದೆ, ಮಗಳು ಹುಟ್ಟುತ್ತಾಳೆ. ಊರಿನ ರಾತ್ರಿ ಕಾವಲು ಇವಳ ಕೈಗೆ ಬರುತ್ತದೆ. ಅವಳಿಗೆ ಮಂತ್ರ ಬರುವುದಿಲ್ಲ. ಅವಳ ಕತ್ತಿಯಿಂದ ಬೆಂಕಿ ಹಾರುವುದಿಲ್ಲ. ದನದ ಕೊರಳ ಗಂಟೆ ಕೇಳಿ ಯಾವ ಹಸು ಎಲ್ಲಿದೆ ಎಂದು ಕತ್ತಲಲ್ಲೂ ಹೇಳಬಲ್ಲಳು. ಅಷ್ಟೇ ಅವಳ ವಿದ್ಯೆ. ಆದರೆ ಆ ಲೋಕದಲ್ಲಿ ಸತ್ತವರು ಎಲ್ಲಿಗೆ ಹೋಗುತ್ತಾರೆ ಎನ್ನುವುದು ಕಣ್ಣಿಗೆ ಕಾಣುತ್ತದೆ. ನನ್ನ ಫ್ಯಾಂಟಸಿ ಇರುವುದು ಅಲ್ಲಿ.

ಪುಸ್ತಕದ ನಡುವೆ, ಮೂವತ್ತರ ವಯಸ್ಸಿನಲ್ಲಿ, ಅವಳು ಸಾಯುತ್ತಾಳೆ. ಬೇರೆ ಸೀಮೆಯವರು ರಾತ್ರಿ ಬಂದು ಊರ ದನ ಹೊಡೆದುಕೊಂಡು ಹೋಗುವಾಗ ಕೆರೆಯ ಏರಿಯ ಮೇಲೆ ಒಬ್ಬಳೇ ಅಡ್ಡ ನಿಲ್ಲುತ್ತಾಳೆ. ದನ ತಿರುಗಿ ಊರಿಗೆ ಓಡುತ್ತವೆ. ಅವಳು ತಿರುಗಿ ಬರುವುದಿಲ್ಲ. ಈ ಅಧ್ಯಾಯ ಬರೆದು ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಉಳಿದ ಅರ್ಧ ಪುಸ್ತಕ ಸಾವಿನ ಆಚೆಯದು. ಅದಕ್ಕೆ ನಮ್ಮ ವೀರಗಲ್ಲುಗಳನ್ನೇ, ಕಾದಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳನ್ನೇ, ನಕಾಶೆಯಾಗಿ ಇಟ್ಟುಕೊಂಡಿದ್ದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ನಿಮಗೆ ಗೊತ್ತೇ ಇದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಸತ್ತವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಪಕ್ಕದಲ್ಲಿ ಪೂಜಾರಿ, ನಂದಿ. ತುದಿಯಲ್ಲಿ ಸೂರ್ಯ, ಚಂದ್ರ. ಬದುಕು, ಸಾವು, ಆಮೇಲಿನದು ಮೂರೂ ಒಂದೇ ಕಲ್ಲಿನಲ್ಲಿ. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ನಕಾಶೆ ಸಿಗುತ್ತಾ?

ತೊಡಕು ಬಂದದ್ದು ನಡುವಿನ ಪಟ್ಟಿಯಲ್ಲಿ. ವೀರಗಲ್ಲಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಶ್ಲೋಕ ಇದೆ. ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’. ಗೆದ್ದರೆ ಲಕ್ಷ್ಮಿ ಸಿಗುತ್ತಾಳೆ, ಸತ್ತರೆ ದೇವಲೋಕದ ಹೆಣ್ಣು ಸಿಗುತ್ತಾಳೆ. ಗಳಿಗೆಯಲ್ಲಿ ಅಳಿಯುವ ಮೈಗೆ ರಣದಲ್ಲಿ ಸಾಯುವ ಚಿಂತೆ ಯಾಕೆ ಎಂದು ಮುಂದುವರಿಯುತ್ತದೆ. ಗೆದ್ದರೂ ಹೆಣ್ಣು, ಸತ್ತರೂ ಹೆಣ್ಣು. ಕಾದಿ ಸತ್ತವಳೇ ಹೆಣ್ಣಾದರೆ? ಅಪ್ಸರೆಯರ ವಿಮಾನ, ಆ ದೇವಲೋಕದ ರಥ, ಇಳಿದು ಬಂದಾಗ ಕೆಂಚಬ್ಬೆ ಅದನ್ನು ಹತ್ತುತ್ತಾಳಾ? ಹತ್ತಿ ಅಲ್ಲಿ ಏನು ಮಾಡುತ್ತಾಳೆ?

ಆರು ಸಲ ಬರೆದು ಹರಿದು ಹಾಕಿದ್ದೇನೆ. ಎಲ್ಲ ಸಲವೂ ಅವಳು ಬೇರೆಯವರ ಮನೆಯ ಮದುವೆಗೆ ಬಂದವಳ ಹಾಗೆ ಕಾಣುತ್ತಾಳೆ. ಏನಾದರೂ ಹೇಳಿ.

ಬೆಟಗೇರಿ ಓದುಗ

ನಮ್ಮ ಬೆಟಗೇರಿಯ ವೀರಗಲ್ಲುಗಳನ್ನು ನೋಡಿದ್ದೀರಾ? ಆಳಿಗಿಂತ ಎತ್ತರ ಇವೆ. ನಾನು ಸಣ್ಣವನಿದ್ದಾಗ ಅವುಗಳ ನೆರಳಲ್ಲೇ ಗೋಲಿ ಆಡಿದವನು. ಆಗ ಅವು ನಮಗೆ ಬರೀ ಕಲ್ಲು. ದೊಡ್ಡವನಾದ ಮೇಲೆ ಒಂದು ದಿನ ಬಗ್ಗಿ ನೋಡಿದೆ. ಒಬ್ಬ ಮನುಷ್ಯ ಬಿಲ್ಲು ಹಿಡಿದು ನಿಂತಿದ್ದಾನೆ, ಎದುರಿಗೆ ಅಷ್ಟೊಂದು ಜನ. ಅವತ್ತಿನಿಂದ ಅಲ್ಲಿ ಸುಮ್ನೆ ದಾಟಿ ಹೋಗಲು ಆಗಿಲ್ಲ.

ನಿಮ್ಮದು ತುರುಗೊಳ್ ಕಲ್ಲಿನ ಕತೆ. ದನಕ್ಕಾಗಿ ಸತ್ತವರ ಕಲ್ಲು. ಊರ ಮೇಲೆ ದಾಳಿಯಾದ ಊರಳಿವಿನಲ್ಲಿ ಸತ್ತವರಿಗೆ, ಪೆಣ್ಬುಯ್ಯಲಲ್ಲಿ ಅಂದರೆ ಹೆಂಗಸರ ಮೇಲೆ ಕೈ ಮಾಡಿದವರನ್ನು ತಡೆದು ಸತ್ತವರಿಗೆ, ಹುಲಿ ಹಂದಿಯ ಜೊತೆ ಹೋರಾಡಿ ಸತ್ತವರಿಗೂ ಕಲ್ಲು ನಿಂತಿವೆ. ಎಲ್ಲರೂ ರಾಜರಿಗಾಗಿ ಸತ್ತವರಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿರುವ ದೊಡ್ಡ ಕಲ್ಲಿನಲ್ಲಿ ಆನೆ, ಕುದುರೆ, ಸೈನ್ಯ ಎಲ್ಲ ಇದೆ. ಅದು ರಾಜರ ಯುದ್ಧ. ನಿಮ್ಮ ಕೆಂಚಬ್ಬೆಯದು ಆ ತರಹದ್ದಲ್ಲ ಅಲ್ವಾ? ನಾಲ್ಕು ಹಸು, ಒಂದು ಏರಿ, ಕತ್ತಲು.

ಒಂದೇ ಮಾತು ಹೇಳುತ್ತೇನೆ. ಅವಳು ಸ್ವರ್ಗಕ್ಕೆ ಆಸೆಪಟ್ಟು ಕಾದಲಿಲ್ಲ. ಸ್ವರ್ಗ ಎದುರಿಗೆ ಬಂದು ನಿಂತಾಗ ಅವಳ ಬಾಯಿಂದ ಬರುವ ಮೊದಲ ಮಾತು ಯಾವುದು? ಅದು ಗೊತ್ತಾದರೆ ಉಳಿದದ್ದು ತಾನೇ ಬರುತ್ತದೆ.

ಹುಬ್ಬಳ್ಳಿ ಗೇಮರ್

ನಾನು ಗೇಮ್ ಆಡುವವನು. ಶಾಸನ ಎಲ್ಲ ಗೊತ್ತಿಲ್ಲ. ಆದರೆ ಕಾದಾಡುವ ಹೆಣ್ಣಿನ ಪಾತ್ರ ತಗೊಂಡು ನೂರಾರು ಗಂಟೆ ಆಡಿದ್ದೇನೆ. ಗೇಮಿನಲ್ಲಿ ಸತ್ತರೆ ಹಿಂದಿನ ಚೆಕ್‌ಪಾಯಿಂಟಿಗೆ ಹೋಗಿ ಮತ್ತೆ ಏಳುತ್ತೀರಿ. ಅದಕ್ಕೇ ಅಲ್ಲಿ ಸಾವಿಗೆ ಭಾರ ಇರುವುದಿಲ್ಲ. ನಿಮ್ಮ ಪುಸ್ತಕದಲ್ಲಿ ದಯವಿಟ್ಟು ಅವಳನ್ನು ಮತ್ತೆ ಬದುಕಿಸಬೇಡಿ.

ಇನ್ನೊಂದು ದಾರಿ ಇದೆ. ಉತ್ತರ ಯುರೋಪಿನ ನಾರ್ಸ್ ಪುರಾಣದಲ್ಲಿ ರಣದಲ್ಲಿ ಯಾರು ಸಾಯಬೇಕು ಎಂದು ಆರಿಸುವವರೇ ಹೆಣ್ಣುಗಳು. ವಾಲ್ಕಿರಿಗಳು ಅನ್ನುತ್ತಾರೆ. ಸತ್ತ ವೀರರಲ್ಲಿ ಅರ್ಧ ಜನ ಓಡಿನ್ ದೇವರ ವಾಲ್ಹಾಲಾಕ್ಕೆ ಹೋಗುತ್ತಾರೆ. ಇನ್ನರ್ಧ ಫ್ರೇಯಾ ಎಂಬ ದೇವಿಯ ಪಾಲು. ಇದು ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ವಾಲ್ಹಾಲಾಕ್ಕೆ 540 ಬಾಗಿಲು. ಅಲ್ಲಿ ಹಗಲೆಲ್ಲ ಕಾದಾಡುತ್ತಾರೆ. ಸಂಜೆ ಮತ್ತೆ ಎದ್ದು ಕೂಡಿ ಊಟ ಮಾಡುತ್ತಾರೆ. ಜಗತ್ತಿನ ಕೊನೆಯ ಯುದ್ಧಕ್ಕೆ ತಯಾರಿ ಅದು.

ಬರೀ ಪುರಾಣ ಅಂತಲೂ ಅಲ್ಲ. ಸ್ವೀಡನ್ನಿನ ಬಿರ್ಕಾ ಎಂಬಲ್ಲಿ 1878ರಲ್ಲಿ ಒಂದು ಸಮಾಧಿ ಅಗೆದರು. ಒಳಗೆ ಕತ್ತಿ, ಕೊಡಲಿ, ಈಟಿ, ಬಾಣ, ಎರಡು ಕುದುರೆ, ಆಟದ ಕಾಯಿಗಳು. ಇಷ್ಟು ಆಯುಧ ಇದೆ ಅಂದ ಮೇಲೆ ಗಂಡಸೇ ಎಂದು ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ನಂಬಿದ್ದರು. 2017ರಲ್ಲಿ ಡಿಎನ್‌ಎ ಪರೀಕ್ಷೆ ಬಂತು. ಹೆಣ್ಣು. 10ನೇ ಶತಮಾನದವಳು. ಅವಳು ನಿಜವಾಗಿ ರಣಕ್ಕೆ ಹೋಗಿದ್ದಳಾ ಎಂಬ ವಾದ ಇನ್ನೂ ನಡೆದಿದೆ. ಆದರೆ ಅವಳನ್ನು ಕಳಿಸಿಕೊಟ್ಟವರು ಕತ್ತಿ ಕೊಟ್ಟೇ ಕಳಿಸಿದ್ದರು.

ನಿಮ್ಮ ಕೆಂಚಬ್ಬೆ ಸತ್ತ ಮೇಲೆ ವಾಲ್ಕಿರಿಯ ಹಾಗೆ ಆಗಲಿ. ಬೇರೆಯವರನ್ನು ಕರೆದೊಯ್ಯುವವಳಾಗಲಿ.

ಧಾರವಾಡ ಎಂಎ ವಿದ್ಯಾರ್ಥಿನಿ

ಮೇಲಿನ ಅಣ್ಣ ಬಿರ್ಕಾದ ಹೆಣ್ಣಿನ ಬಗ್ಗೆ ಬರೆದದ್ದು ಓದಿ ಮೈ ಜುಮ್ ಎಂದಿತು. ಯಾಕೆ ಹೇಳಲಾ? ಅದೇ 10ನೇ ಶತಮಾನದಲ್ಲಿ ನಮ್ಮಲ್ಲೂ ಒಬ್ಬಳು ಇದ್ದಾಳೆ. ಅವಳ ಲಿಂಗ ಹೇಳಲು ಡಿಎನ್‌ಎ ಬೇಕಿಲ್ಲ. ಹೆಸರೇ ಕಲ್ಲಿನ ಮೇಲಿದೆ.

ಸಾವಿಯಬ್ಬೆ. ಶ್ರವಣಬೆಳಗೊಳದಲ್ಲಿ ಅವಳ ವೀರಗಲ್ಲು ಇದೆ. ಗಂಡ ಲೋಕವಿದ್ಯಾಧರ. ಬಗೆಯೂರಿನ ಕಾಳಗಕ್ಕೆ ಗಂಡನ ಜೊತೆ ಹೋದಳು. ಅಲ್ಲೇ ಕಾದಿ ಸತ್ತಳು. ಕಲ್ಲಿನಲ್ಲಿ ಅವಳು ಕುದುರೆಯ ಮೇಲೆ ಕೂತಿದ್ದಾಳೆ. ಕೈಯಲ್ಲಿ ಕತ್ತಿ ಎತ್ತಿದ್ದಾಳೆ. ಎದುರಿಗೆ ಆನೆಯ ಮೇಲೆ ಒಬ್ಬ ಗಂಡಸು, ಅವಳ ಮೇಲೆ ಆಯುಧ ಬೀಸುತ್ತಿದ್ದಾನೆ. ಕುದುರೆಯ ಮೇಲಿನ ಹೆಣ್ಣು, ಆನೆಯ ಮೇಲಿನ ಗಂಡು. ಅವಳು ಹಿಂದೆ ಸರಿದಿಲ್ಲ. ಕೆತ್ತಿದ ರೂವಾರಿಯೂ ಅವಳನ್ನು ಸಣ್ಣದು ಮಾಡಿಲ್ಲ. ಗಂಡನ ಹಿಂದೆ ಬೆಂಕಿಗೆ ಹೋದವಳಲ್ಲ ಇವಳು, ಗಂಡನ ಜೊತೆ ರಣಕ್ಕೆ ಹೋದವಳು. ನಮ್ಮ ಸೀಮೆಯ ಕಲ್ಲುಗಳಲ್ಲಿ ಹೆಣ್ಣು ಕಾಣುವುದು ಜಾಸ್ತಿ ಮಾಸ್ತಿಕಲ್ಲಿನಲ್ಲಿ, ಅಂದರೆ ಸತಿ ಹೋದವಳ ನೆನಪಿನ ಕಲ್ಲಿನಲ್ಲಿ. ಕಂಬದಿಂದ ಹೊರಗೆ ಚಾಚಿದ ಒಂದು ತೋಳು, ತುಂಬ ಬಳೆ, ಕೈಯಲ್ಲಿ ನಿಂಬೆಹಣ್ಣು. ಇಡೀ ಹೆಣ್ಣಿನಲ್ಲಿ ಒಂದು ತೋಳು ಮಾತ್ರ ಉಳಿಯುತ್ತದೆ. ಸಾವಿಯಬ್ಬೆ ಇಡಿಯಾಗಿ ಉಳಿದಿದ್ದಾಳೆ.

ಲಕ್ಕುಂಡಿಗೆ ಹೋದಾಗಲೆಲ್ಲ ನನಗೆ ಈ ವಿಷಯ ಕಾಡುತ್ತದೆ. ಅತ್ತಿಮಬ್ಬೆ ಮತ್ತು ಗುಂಡಮಬ್ಬೆ ಅಕ್ಕತಂಗಿಯರು. ಇಬ್ಬರಿಗೂ ಗಂಡ ನಾಗದೇವನೇ. ಅವನು ಸತ್ತಾಗ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಉಳಿದವಳು ಬಸದಿ ಕಟ್ಟಿಸಿದಳು, ಪೊನ್ನನ ಕಾವ್ಯದ 1000 ಪ್ರತಿ ಬರೆಸಿ ಹಂಚಿದಳು. ಬದುಕಿದ್ದು ಮಾಡುವ ಕೆಲಸಕ್ಕೂ ಒಂದು ಧೈರ್ಯ ಬೇಕು.

ಆಯುಧ ಹಿಡಿದವರು ನಮ್ಮ ಹತ್ತಿರವೇ ಇದ್ದರು. ರೋಣದ ಕಡೆಯ ಸೂಡಿಗೆ ಹೋಗಿ. ಚಾಲುಕ್ಯ ಎರಡನೆಯ ಜಯಸಿಂಹನ ಒಡಹುಟ್ಟಿದವಳು ಅಕ್ಕಾದೇವಿ ಅಲ್ಲಿಂದ ಆಳಿದವಳು. 11ನೇ ಶತಮಾನದಲ್ಲಿ ಗೋಕಾಗೆಯ, ಅಂದರೆ ಇವತ್ತಿನ ಗೋಕಾಕದ, ಕೋಟೆಗೆ ತಾನೇ ಮುತ್ತಿಗೆ ಹಾಕಿದಳು. ಶಾಸನ ಅವಳನ್ನು ರಣಭೈರವಿ ಎನ್ನುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ‘ಸುರಾಂಗನೆ ಸಿಗುತ್ತಾಳೆ’ ಎನ್ನುವುದು ಶ್ಲೋಕದ ಮಾತು. ಕಲ್ಲು ಅಷ್ಟು ಹೇಳುವುದಿಲ್ಲ. ನಮ್ಮ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯ ಮ್ಯೂಸಿಯಮ್ಮಿನಲ್ಲಿ ಕೂತು ವೀರಗಲ್ಲುಗಳ ಆ ನಡುವಿನ ಪಟ್ಟಿಯನ್ನೇ ನೋಡಿದ್ದೇನೆ. ಅಲ್ಲಿ ಅಪ್ಸರೆಯರು ಮಾಡುವುದು ಹೊರುವ ಕೆಲಸ. ಇಬ್ಬರು ಎರಡೂ ಕಡೆ ನಿಂತು ತೋಳು ಹಿಡಿದು ಎತ್ತುತ್ತಿರುತ್ತಾರೆ. ಅವರ ಕಾಲು ಗಾಳಿಯಲ್ಲಿ ಬಾಗಿರುತ್ತದೆ. ಅದು ಮದುವೆಯ ಚಿತ್ರ ಅಲ್ಲ ಅಕ್ಕಾ. ದಣಿದವರನ್ನು ಎಬ್ಬಿಸುವ ಚಿತ್ರ.

ಗದಗ ಕತೆಗಾರ್ತಿ

ತಂಗಿ, ಎರಡು ಸಲ ಓದಿದೆ. ದಣಿದವರನ್ನು ಎಬ್ಬಿಸುವ ಚಿತ್ರ. ನಾನು ಆ ಪಟ್ಟಿಯನ್ನು ಶ್ಲೋಕದ ಕಣ್ಣಿನಿಂದಲೇ ನೋಡುತ್ತಿದ್ದೆ.

ಗೇಮರ್ ತಮ್ಮಾ, ಫ್ರೇಯಾಳ ಅರ್ಧ ಪಾಲಿನ ವಿಷಯ ಚೆನ್ನಾಗಿದೆ. ಆದರೆ ವಾಲ್ಹಾಲಾ ನನಗೆ ಒಗ್ಗುವುದಿಲ್ಲ. ಅಲ್ಲಿಯವರಿಗೆ ಕಾದಾಟವೇ ಹಬ್ಬ. ಕೆಂಚಬ್ಬೆಗೆ ಕಾದಾಟ ಒಂದು ಕೆಟ್ಟ ರಾತ್ರಿಯ ಕೆಲಸ. ಸತ್ತ ಮೇಲೂ ದಿನಾ ಕಾದಬೇಕು ಅಂದರೆ ಅವಳಿಗೆ ಅದು ನರಕ. ಅವಳನ್ನು ಬದುಕಿಸಬೇಡಿ ಎಂದಿರಲ್ಲ, ಅದನ್ನು ಮಾತ್ರ ಬರೆದು ಗೋಡೆಗೆ ಅಂಟಿಸಿದ್ದೇನೆ.

ಕೋಳಿವಾಡ ಕಡೆಯವನು

ನಮ್ಮ ಊರ ಕಡೆಯ ಕವಿಯನ್ನು ಯಾರೂ ನೆನೆಸಲಿಲ್ಲ. ಕುಮಾರವ್ಯಾಸ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದ ಭಾರತದಲ್ಲೇ ದಾರಿ ಇದೆಯಲ್ರಿ. ಅಂಬೆ. ಭೀಷ್ಮನಿಂದ ಬಾಳು ಕೆಟ್ಟವಳು. ಬೆಂಕಿಗೆ ಬಿದ್ದು ಸತ್ತು, ಶಿಖಂಡಿಯಾಗಿ ಹುಟ್ಟಿ ಬಂದು ರಣದಲ್ಲಿ ಭೀಷ್ಮನ ಎದುರು ನಿಂತಳು. ಹೆಣ್ಣಿಗೆ ಸಾವಿನ ಆಚೆ ಸ್ವರ್ಗ ಇಲ್ಲದಿದ್ದರೆ ಮರುಜನ್ಮ ಇದೆ.

ಗದಗ ಕತೆಗಾರ್ತಿ

ಅಣ್ಣಾರ, ಅಂಬೆಯನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಅವಳನ್ನು ಎಳೆದು ತಂದದ್ದು ಸೇಡು. ಕೆಂಚಬ್ಬೆಗೆ ಸೇಡು ಇಲ್ಲ. ಅವಳ ದನ ಊರಿಗೆ ಬಂದವು. ಅವಳ ಲೆಕ್ಕ ಮುಗಿದಿದೆ. ಇನ್ನೊಂದು ವಿಷಯ. ಕುಮಾರವ್ಯಾಸ ಗದಾಪರ್ವದ ತನಕ ಹತ್ತು ಪರ್ವ ಬರೆದು ನಿಲ್ಲಿಸಿದ. ಸ್ವರ್ಗಾರೋಹಣ ಅವನ ಭಾರತದಲ್ಲಿ ಇಲ್ಲ. ಅವನು ನಿಂತ ಜಾಗದಿಂದ ಆಚೆ ನಾನು ಹೆಜ್ಜೆ ಇಡುತ್ತಿದ್ದೇನೆ ಅನ್ನಿಸಿ ರಾತ್ರಿ ಭಯವಾಗುತ್ತದೆ.

ಹಾವೇರಿ ಅಕ್ಕ

ನಾನು ಇಲ್ಲಿ ಬರೆಯುವವಳಲ್ಲ. ಓದುತ್ತೇನೆ ಅಷ್ಟೇ. ಇವತ್ತು ಬರೆಯಬೇಕು ಅನ್ನಿಸಿತು.

ನೀವೆಲ್ಲ ಸತ್ತವಳು ಎಲ್ಲಿಗೆ ಹೋಗಬೇಕು ಎಂದು ಕೇಳುತ್ತಿದ್ದೀರಿ. ನಮ್ಮ ಹಳ್ಳಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಹೆಣ್ಣು ಹಾಗೆ ಸತ್ತರೆ ಅವಳು ಎಲ್ಲಿಗೂ ಹೋಗುವುದಿಲ್ಲ. ಸೀಮೆಯಲ್ಲಿ ನಿಲ್ಲುತ್ತಾಳೆ. ದ್ಯಾಮವ್ವನ ಜಾತ್ರೆ ನೋಡಿ. ಅವ್ವ ಊರಲ್ಲಿ ಹೊನ್ನಾಟ ಆಡುತ್ತಾಳೆ. ಮನೆ ಮನೆಯವರು ಉಡಿ ತುಂಬುತ್ತಾರೆ. ಕೊನೆಗೆ ಅವಳನ್ನು ಸೀಮೆಗೆ ಕರೆದುಕೊಂಡು ಹೋಗುತ್ತಾರೆ. ನಾನು ಸಣ್ಣವಳಿದ್ದಾಗ ಆ ಹೊತ್ತಿಗೆ ಅಳುತ್ತಿದ್ದೆ. ನಮ್ಮ ಅಜ್ಜಿ ಹೇಳುತ್ತಿದ್ದಳು, ಅಳಬ್ಯಾಡ, ಆಕಿ ಹೋಗಲ್ಲ, ಅಲ್ಲೇ ಕುಂತು ನಮ್ಮನ್ನ ಕಾಯ್ತಾಳ.

ಸವದತ್ತಿಯ ಎಲ್ಲವ್ವನೂ ಹಾಗೇ. ಮಗನ ಕೈಯಿಂದ ಕೊರಳು ಕಡಿಸಿಕೊಂಡ ತಾಯಿ. ಮತ್ತೆ ಎದ್ದು ಬಂದಳು. ಅವಳ ಗಂಡ ಜಮದಗ್ನಿ ಸತ್ತದ್ದಕ್ಕೆ ಒಂದು ಹುಣ್ಣಿಮೆ ಇದೆ, ಅವಳ ಬಳೆ ಒಡೆಯುವ ದಿನ. ಅವನು ಮತ್ತೆ ಎದ್ದದ್ದಕ್ಕೆ ಭಾರತ ಹುಣ್ಣಿಮೆ ಇದೆ, ಬಳೆ ಇಡಿಸುವ ದಿನ. ಮುತ್ತೈದೆ ಹುಣ್ಣಿಮೆ ಅನ್ನುತ್ತೇವೆ. ಸಾವು, ಮತ್ತೆ ಜೀವ ಎಲ್ಲ ಅಲ್ಲಿ ವರ್ಷ ವರ್ಷ ನಡೆಯುತ್ತದೆ. ಪುಸ್ತಕ ಓದದ ಹೆಂಗಸರಿಗೂ ಅದು ಗೊತ್ತು.

ನಮ್ಮ ಊರ ಸೀಮೆಯಲ್ಲಿ ಬೇವಿನ ಗಿಡದ ಕೆಳಗೆ ಒಂದು ಕಲ್ಲಿದೆ. ಅವ್ವ ಅನ್ನುತ್ತೇವೆ. ಮದುವೆಯಾಗಿ ಬಂದ ವರ್ಷದಿಂದ ಎಣ್ಣೆ ಹಚ್ಚಿ ಕುಂಕುಮ ಇಟ್ಟಿದ್ದೇನೆ. ಮಕ್ಕಳಿಗೆ ಜ್ವರ ಬಂದರೆ ಅಲ್ಲೇ ಹರಕೆ. ಕೆಲವು ವರ್ಷದ ಹಿಂದೆ ಕಾಲೇಜು ಹುಡುಗರು ಬಂದು ಕೇಳಿಕೊಂಡು ತೊಳೆದು ನೋಡಿದರು. ಎಣ್ಣೆಯ ಪದರ ಎದ್ದು ಬಂದ ಮೇಲೆ ಕೆಳಗೆ ಕತ್ತಿ ಹಿಡಿದವನು ಕಂಡ. ಪಕ್ಕದಲ್ಲಿ ದನ. ಇದು ವೀರಗಲ್ಲು, ಗಂಡಸಿನದು ಎಂದರು. ನಾವು ಹೂಂ ಎಂದೆವು. ಅವರು ಹೋದ ಮೇಲೆ ಮತ್ತೆ ಎಣ್ಣೆ ಹಚ್ಚಿದೆವು. ಈಗಲೂ ಅವ್ವ ಅಂತಲೇ ಕರೆಯುತ್ತೇವೆ. ಊರನ್ನು ಕಾಯುವವರು ಯಾರೇ ಇರಲಿ, ನಮ್ಮ ಬಾಯಿಗೆ ಬರುವುದು ಅವ್ವ ಅಂತಲೇ.

ಆ ತಂಗಿ ತೋಳು ಹಿಡಿದು ಎತ್ತುವ ಚಿತ್ರ ಅಂದಳಲ್ಲ. ಹೆರಿಗೆಯಾದ ಮರುದಿನ ಬಾಣಂತಿಯನ್ನು ಹಾಗೇ ಇಬ್ಬರು ಹಿಡಿದು ಎಬ್ಬಿಸುತ್ತಾರೆ. ನನ್ನನ್ನು ನಮ್ಮ ಅವ್ವ ಮತ್ತು ಅತ್ತೆ ಹಾಗೆ ಎಬ್ಬಿಸಿದ್ದರು.

ಬೆಟಗೇರಿ ಓದುಗ

ಅಕ್ಕಾರ, ನೀವು ಬರೆಯಲೇಬೇಕಿತ್ತು. ಬರೆದಿರಿ, ತುಂಬ ಒಳ್ಳೆಯದಾಯಿತು.

ಧಾರವಾಡ ಎಂಎ ವಿದ್ಯಾರ್ಥಿನಿ

ಅಕ್ಕಾರ ಬರೆದದ್ದನ್ನು ನಮ್ಮ ಹಾಸ್ಟೆಲಿನಲ್ಲಿ ಜೋರಾಗಿ ಓದಿದೆ. ಎಲ್ಲರೂ ಸುಮ್ಮನಾದರು. ಆದರೂ ನನ್ನದೊಂದು ತಕರಾರು ಇದೆ. ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ಕೆಂಚಬ್ಬೆಯನ್ನು ದೇವಿ ಮಾಡಿದರೆ ಅವಳು ಮಾಡಿದ ಕೆಲಸ ಮಾಯವಾಗುತ್ತದೆ. ದೇವಿಗೆ ಹೆದರಿಕೆ ಇಲ್ಲ. ದೇವಿಗೆ ಮನೆಯಲ್ಲಿ ಮಲಗಿದ ಮಗಳು ಇಲ್ಲ. ಏರಿಯ ಮೇಲೆ ನಿಂತಾಗ ಕೆಂಚಬ್ಬೆಗೆ ಇವೆಲ್ಲ ಇತ್ತು. ಅದನ್ನು ಗೊತ್ತಿದ್ದೇ ನಿಂತಳು. ಪೂಜೆ ಶುರುವಾದ ಮೇಲೆ ಜನ ಆ ರಾತ್ರಿಯನ್ನು ಮರೆಯುತ್ತಾರೆ. ಅಕ್ಕಾರ ಊರಿನ ಕಲ್ಲಿನಲ್ಲಿ ಇರುವವನು ಯಾರು, ಯಾವ ದನಕ್ಕಾಗಿ ಸತ್ತ, ಅವನ ಹೆಸರೇನು? ಎಣ್ಣೆಯ ಕೆಳಗೆ ಅವನು ಕಳೆದುಹೋದ. ಅದು ಪ್ರೀತಿಯಿಂದಲೇ ಆದದ್ದು, ನನಗೆ ಗೊತ್ತು. ಆದರೂ ಕಳೆದುಹೋದ.

10ನೇ ಶತಮಾನದ ಆತಕೂರಿನ ಕಲ್ಲಿನಲ್ಲಿ ಕಾಳಿ ಎಂಬ ನಾಯಿಯ ಹೆಸರಿದೆ. ಹಂದಿಯ ಜೊತೆ ಕಾದಿ ಸತ್ತ ನಾಯಿ. ಅದಕ್ಕೆ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ನಾಯಿಯ ಹೆಸರು ಬರೆದ ನಾಡಿನಲ್ಲಿ ಕೆಂಚಬ್ಬೆಯ ಹೆಸರೂ ಬರೆಯಬೇಕು. ನನಗೆ ಬೇಕಾದದ್ದು ಅಷ್ಟೇ.

ಹುಬ್ಬಳ್ಳಿ ಗೇಮರ್

ದಿನಾ ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ. ಈ ಚರ್ಚೆ ಓದಿದ ಮೇಲೆ ಒಂದು ಮಾತು ಹೊಸದಾಗಿ ಕೇಳಿಸುತ್ತಿದೆ. ಕಂಡಕ್ಟರ್ ಬಾಗಿಲಲ್ಲಿ ನಿಂತು ಚನ್ನಮ್ಮಾ, ಚನ್ನಮ್ಮಾ ಎಂದು ಕೂಗುತ್ತಾನೆ. ಇಳಿಯುವವರು ಇಳಿಯುತ್ತಾರೆ. ಸರ್ಕಲ್ಲಿನಲ್ಲಿ ಅವಳು ಕುದುರೆಯ ಮೇಲೆ ಕತ್ತಿ ಎತ್ತಿ ಕೂತಿದ್ದಾಳೆ. ಕಿತ್ತೂರಿನ ಬಾಗಿಲಲ್ಲಿ 1824ರ ಅಕ್ಟೋಬರಿನಲ್ಲಿ ಕಂಪನಿಯ ಥ್ಯಾಕರೆ ಸತ್ತ. ಆಮೇಲೆ ಎರಡನೆಯ ಸಲ ದೊಡ್ಡ ಸೈನ್ಯ ಬಂತು. ಚನ್ನಮ್ಮ ಸೆರೆಯಾದಳು. ಬೈಲಹೊಂಗಲದ ಕೋಟೆಯಲ್ಲಿ 1829ರ ಫೆಬ್ರವರಿಯಲ್ಲಿ ಸತ್ತಳು. ರಣದಲ್ಲಿ ಸಾಯಲಿಲ್ಲ. ಹಳೆಯ ಲೆಕ್ಕದಲ್ಲಿ ಅವಳಿಗೆ ವೀರಸ್ವರ್ಗ ಇದೆಯೋ ಇಲ್ಲವೋ. ಆದರೆ ಅವಳ ಹೆಸರು ಕೂಗದೆ ಹುಬ್ಬಳ್ಳಿಯ ಒಂದು ದಿನವೂ ಮುಗಿಯುವುದಿಲ್ಲ.

ನಂದಗಡಕ್ಕೂ ಹೋಗಿದ್ದೆ. ರಾಯಣ್ಣನನ್ನು 1831ರಲ್ಲಿ ಗಲ್ಲಿಗೆ ಹಾಕಿದ ಊರು. ಸಮಾಧಿಯ ಹತ್ತಿರ ಆಲದ ಮರ ಇದೆ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಅದಕ್ಕೆ ತೊಟ್ಟಿಲು ಕಟ್ಟುತ್ತಾರೆ. ಅಲ್ಲಿ ಅವನ ಹೆಸರೂ ಇದೆ, ಹರಕೆಯೂ ಇದೆ. ಎರಡೂ ಒಟ್ಟಿಗೆ ಇರಬಹುದು ಅಲ್ವಾ?

ಧಾರವಾಡ ಎಂಎ ವಿದ್ಯಾರ್ಥಿನಿ

ಇರಬಹುದು ಅಣ್ಣ. ಹೆಸರು ಉಳಿದರೆ ನನಗೆ ಹರಕೆಯ ಮೇಲೆ ಜಗಳ ಇಲ್ಲ.

ಇನ್ನೊಂದು ಕಲ್ಲು ನೆನಪಾಯಿತು. ಧಾರವಾಡದ ಹತ್ತಿರ ಯಾದವಾಡದಲ್ಲಿ ಶಿವಾಜಿಯ ಚಿತ್ರ ಇರುವ ಕಲ್ಲು ಇದೆ. ಬೆಳವಡಿ ಮಲ್ಲಮ್ಮ ಹೆಂಗಸರ ಪಡೆ ಕಟ್ಟಿ ಅವನ ಸೈನ್ಯದ ಜೊತೆ ಕಾದಿದವಳು. ಆಮೇಲೆ ಅವಳೇ ಆ ಕಲ್ಲು ನಿಲ್ಲಿಸಿದಳು ಎಂದು ಇಲ್ಲಿಯವರು ನಂಬುತ್ತಾರೆ. ಅದರಲ್ಲಿ ಅವನು ಅವಳ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾನೆ ಎನ್ನುತ್ತಾರೆ. ಕಾದಿದ ಹೆಣ್ಣೇ ಕಲ್ಲು ನಿಲ್ಲಿಸಿದಾಗ ಅವಳು ಆರಿಸಿಕೊಂಡ ಚಿತ್ರ ಅದು, ನೋಡಿ.

ಹಾವೇರಿ ಅಕ್ಕ

ತಂಗಿ, ನಿನ್ನ ತಕರಾರು ಸರಿ ಇದೆ. ನಾನು ನಾಲ್ಕು ದಿನ ಅದನ್ನೇ ಯೋಚನೆ ಮಾಡಿದೆ. ಇವತ್ತು ಎಣ್ಣೆ ಹಚ್ಚುವಾಗ ಮೊದಲ ಸಲ ಅವನ ಮುಖ ನೋಡಿದೆ. ಯಾರ ಮಗನೋ.

ಆದರೆ ಒಂದು ಮಾತು ನೀನೂ ಕೇಳು. ಕೆಂಚಬ್ಬೆ, ಸಾವಿಯಬ್ಬೆ, ಅತ್ತಿಮಬ್ಬೆ ಅಂತೆಲ್ಲ ಬರೆಯುತ್ತೀರಿ. ಅಬ್ಬೆ ಅಂದರೂ ಅವ್ವ ಅಂತಲೇ ಅಲ್ಲವಾ? ನಮ್ಮೂರಲ್ಲಾದರೆ ಅವಳನ್ನು ಕೆಂಚವ್ವ ಅನ್ನುತ್ತಿದ್ದರು. ಹೆಸರು ಕಳೆಯಲಿಲ್ಲ. ನಾಲಗೆಯ ಮೇಲೆ ಸವೆದಿದೆ.

ಗದಗ ಕತೆಗಾರ್ತಿ

ಅಕ್ಕಾರ, ನಿಮ್ಮ ಕೊನೆಯ ಎರಡು ಸಾಲು ಓದಿದ ಮೇಲೆ ನಾನು ಎದ್ದು ಹೊರಗೆ ಹೋಗಿ ನಿಂತೆ. ಮೂರು ವರ್ಷ ಅವಳ ಹೆಸರು ಬರೆದಿದ್ದೇನೆ. ಅದರೊಳಗೆ ಅವ್ವ ಇದ್ದದ್ದು ನನಗೆ ಕಂಡಿರಲಿಲ್ಲ.

ನಿನ್ನೆ ರಾತ್ರಿ ಏಳನೆಯ ಸಲ ಬರೆದೆ. ಈ ಸಲ ಹರಿಯಲಿಲ್ಲ. ಸ್ವಲ್ಪ ಇಲ್ಲಿ ಹಾಕುತ್ತೇನೆ.

‘ವಿಮಾನ ಏರಿಯ ಮೇಲೆ ಇಳಿಯಿತು. ಮೂವರು ಬಂದರು. ಒಬ್ಬಳ ಕೈಯಲ್ಲಿ ಹೂಮಾಲೆ. ಇನ್ನೊಬ್ಬಳ ಕೈಯಲ್ಲಿ ಚಾಮರ. ಬಿದ್ದವಳ ಮುಖ ನೋಡಿ ಇಬ್ಬರೂ ನಿಂತರು. ಅವರು ಯಾವತ್ತೂ ಹೆಣ್ಣನ್ನು ಕರೆಯಲು ಬಂದಿರಲಿಲ್ಲ. ಮೂರನೆಯವಳಿಗೆ ವಯಸ್ಸಾಗಿತ್ತು. ಅವಳು ಬಗ್ಗಿ ಕೆಂಚಬ್ಬೆಯ ತೋಳ ಕೆಳಗೆ ಕೈ ಹಾಕಿದಳು. ಏಳವ್ವಾ, ಸಾವಕಾಶ ಎಂದಳು. ಮಾಲೆ ಹಿಡಿದವಳು ಮಾಲೆಯನ್ನು ಹುಲ್ಲಿನ ಮೇಲಿಟ್ಟು ಇನ್ನೊಂದು ತೋಳು ಹಿಡಿದಳು. ಕೆಂಚಬ್ಬೆ ಎದ್ದು ಕೂತಳು. ವಿಮಾನದ ಕಡೆ ನೋಡಲಿಲ್ಲ. ಕತ್ತಲಿಗೆ ಕಿವಿ ಕೊಟ್ಟಳು. ಊರ ಕಡೆಯಿಂದ ಗಂಟೆಗಳ ಸದ್ದು ಬರುತ್ತಿತ್ತು. ಒಂದೊಂದಾಗಿ ಎಣಿಸಿದಳು. ಒಂದು ಕಡಿಮೆ ಇದೆ ಎಂದಳು.’

ಬೆಟಗೇರಿ ಅಣ್ಣ, ನೀವು ಕೇಳಿದ ಮೊದಲ ಮಾತು ಇದೇ. ಒಂದು ಕರು ಬಂದಿಲ್ಲ. ಅದು ಸಿಗುವ ತನಕ ಅವಳು ವಿಮಾನ ಹತ್ತುವುದಿಲ್ಲ. ಮೂವರು ಅಪ್ಸರೆಯರೂ ಅವಳ ಜೊತೆ ಸೀಮೆಯಲ್ಲಿ ಉಳಿಯುತ್ತಾರೆ. ಉಳಿದ ಅರ್ಧ ಪುಸ್ತಕ ಆ ಹುಡುಕಾಟ. ಕಾಲ ಅವಳಿಗೆ ಒಂದೇ ರಾತ್ರಿ. ಊರಿನಲ್ಲಿ ಮಾತ್ರ ವರ್ಷಗಳು ಹೋಗುತ್ತವೆ. ಮಗಳು ದೊಡ್ಡವಳಾಗುತ್ತಾಳೆ. ಕಲ್ಲು ನಿಲ್ಲಿಸುತ್ತಾರೆ, ಎಣ್ಣೆ ಹಚ್ಚುತ್ತಾರೆ. ಕೆಂಚಬ್ಬೆ ಕೆಂಚವ್ವ ಆಗುವುದನ್ನು ಅವಳು ದೂರದಿಂದ ಕೇಳಿಸಿಕೊಳ್ಳುತ್ತಾಳೆ.

ಧಾರವಾಡ ಎಂಎ ವಿದ್ಯಾರ್ಥಿನಿ

ಅಕ್ಕಾ, ‘ಒಂದು ಕಡಿಮೆ ಇದೆ’. ಅಳು ಬಂತು.

ಕಲ್ಲು ನಿಲ್ಲಿಸುವ ಅಧ್ಯಾಯಕ್ಕೆ ಒಂದು ವಿಷಯ ಕೊಡುತ್ತೇನೆ. ಕಾದಿ ಸತ್ತವರ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅಂಥ ದಾನಕ್ಕೆ ಬಾಳ್ಗಚ್ಚು ಅಂತ ಒಂದು ಮಾತು, ನೆತ್ತರುಕೊಡಗೆ ಅಂತ ಇನ್ನೊಂದು. ಆ ಭೂಮಿಯನ್ನು ಮಗಳ ಹೆಸರಿಗೆ ಕೊಡಿಸಿ. ಊರ ಹಿರಿಯರು ಒಪ್ಪದೆ ತಕರಾರು ಮಾಡಲಿ, ಆ ಹುಡುಗಿ ಬಿಡದೆ ಕೇಳಲಿ. ಶಾಸನದ ಕೊನೆಗೆ ಈ ಭೂಮಿ ಕಿತ್ತುಕೊಂಡವರು ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಬರೆಸಿ. ಅಂಥ ಶಾಪ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದನ ಕಾಯ್ದವಳ ಕಲ್ಲಿಗೆ ಅದಕ್ಕಿಂತ ಸರಿಯಾದ ಶಾಪ ಇಲ್ಲ.

ಗದಗ ಕತೆಗಾರ್ತಿ

ಕೊಡಿಸುತ್ತೇನೆ ತಂಗಿ. ಹಠ ಮಾಡಿ ಕೇಳುವ ಆ ಹುಡುಗಿ ನಿನ್ನ ಹಾಗೇ ಮಾತಾಡುತ್ತಾಳೆ ಅಂತ ಈಗಲೇ ಅನ್ನಿಸುತ್ತಿದೆ.

ರೂವಾರಿಯ ಪಾತ್ರ ಬರೆಯುವ ಮೊದಲು ಒಮ್ಮೆ ಕಲ್ಲುಗಳನ್ನು ಹತ್ತಿರದಿಂದ ನೋಡಬೇಕು. ಅವನು ಹುಟ್ಟಿದಾಗಿನಿಂದ ಗಂಡಸರನ್ನೇ ಕೆತ್ತಿದವನು. ಹೆಣ್ಣಿನ ಕೈಗೆ ಈಟಿ ಕೊಡುವಾಗ ಅವನ ಉಳಿ ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಬೇಕು. ಬರುವ ರವಿವಾರ ಬೆಟಗೇರಿಗೆ ಬರಬೇಕು ಅಂದುಕೊಂಡಿದ್ದೇನೆ.

ಬೆಟಗೇರಿ ಓದುಗ

ಬರ್ರಿ ಅಕ್ಕಾರ. ಆದರೆ ಮಧ್ಯಾಹ್ನ ಬರಬೇಡಿ. ಬಿಸಿಲು ನೆತ್ತಿಯ ಮೇಲೆ ಇದ್ದಾಗ ಕೆತ್ತನೆ ಕಾಣುವುದಿಲ್ಲ, ಎಲ್ಲ ಒಂದೇ ಬಣ್ಣ ಆಗಿಬಿಡುತ್ತದೆ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಬನ್ನಿ. ಸವೆದುಹೋದ ಕೈಕಾಲು, ಅಪ್ಸರೆಯರ ಬೆರಳು ಎಲ್ಲ ನೆರಳಿನಿಂದ ಎದ್ದು ಬರುತ್ತವೆ. ಅರ್ಧ ಗಂಟೆ ಮಾತ್ರ ಹಾಗಿರುತ್ತದೆ. ನಾನು ಆರೂವರೆಗೆ ಅಲ್ಲೇ ನಿಂತಿರುತ್ತೇನೆ.